ಗಂಡುಕರುವಿನ ಪಾಲು

ಎರಡನೇ ಮಹಾಯುದ್ಧ ಶುರುವಾಗುವ ಮುಂಚೆಯೋ ಆಮೇಲೋ, ಖಚಿತವಿಲ್ಲ. ಹೊನ್ನಾಳಿಯ ನಮ್ಮ ಮನೆಯ ಜಗಲಿಯಲ್ಲಿ ಪ್ರಾಣಿದಯಾ ಸಂಘ ಸೇರುತ್ತಿತ್ತು. ನನ್ನ ಗಂಡ ಅದರ ಕಾರ್ಯದರ್ಶಿ. ಮಾರಿಗೆ ಕೋಣ ಕಡಿಯಬೇಡಿ ಎಂದು ಊರೂರಿಗೆ ಸೈಕಲ್ ಮೇಲೆ ಹೋಗಿ ಕೈಮುಗಿದು ಬರುತ್ತಿದ್ದರು. ನಾನೂ ನಂಬಿದ್ದೆ. ಈಗಲೂ ನಂಬುತ್ತೇನೆ.

ಆ ದಿನ ಮೋಡ ಕವಿದಿತ್ತು ಎಂದು ಬರೆದೆ. ಹೊಡೆದುಹಾಕಿದೆ. ಆಕಾಶ ನೋಡಿದ ನೆನಪೇ ಇಲ್ಲ. ಕೊಟ್ಟಿಗೆಯ ನೆಲ ಮಾತ್ರ ಇದೆ. ಅಲ್ಲಿ ನಮ್ಮ ಎಮ್ಮೆಯ ಗಂಡುಕರು ಕತ್ತು ಎತ್ತಲಾರದೆ ಮಲಗಿತ್ತು.

ಹೆಣ್ಣುಕರುವಾದರೆ ಮುಂದೆ ಹಾಲು ಕೊಡುತ್ತದೆಂದು ಒಂದು ಮೊಲೆ ಬಿಡುತ್ತಿದ್ದರು. ಗಂಡುಕರುವನ್ನು ಹಾಲು ಇಳಿಯುವಷ್ಟು ಹೊತ್ತು ಬಾಯಿ ಹಚ್ಚಿಸಿ ಎಳೆದು ಕಟ್ಟುತ್ತಿದ್ದರು. ಅದನ್ನು ಯಾರೂ ಕೊಲ್ಲುವುದಿಲ್ಲ. ಅದೇ ಸಾಯುತ್ತದೆ.

"ಅತ್ತೀ, ಇದಕ್ಕೂ ಒಂದು ಮೊಲೆ ಬಿಡ್ರಿ," ಎಂದೆ ಬೆಳಗ್ಗೆ.

"ಬಿಟ್ರೆ? ದೊಡ್ಡದಾಗಿ ನಿನಗೆ ಸೀರೆ ತರ್ತೈತೇನು? ಸಂಜಿಗೆ ಸಂಘದೋರು ಬರ್ತಾರೆ. ಕಾಫಿಗೆ ಹಾಲು ಬ್ಯಾಡ್ವಾ?"

ಸಂಜೆ ಅವರು ಬಂದರು. ಸಾಸ್ವೆಹಳ್ಳಿ ಕಡೆಯ ಒಂದು ಊರಿನವರು ಕೋಣ ಬಿಟ್ಟು ಕುಂಬಳಕಾಯಿ ಒಡೆಯಲು ಒಪ್ಪಿದ್ದರಂತೆ. ಜಗಲಿ ತುಂಬ ನಗು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ಹೊರಗಿನವರ ಮುಂದೆ ಸೊಸೆ ಮಾತಾಡುವಂತಿರಲಿಲ್ಲ. ಮಾತಾಡಿದೆ.

"ಹಿರಿಯರೇ, ನಮ್ಮ ಕೊಟ್ಟಿಗ್ಯಾಗೂ ಒಂದು ಕೋಣ ಸಾಯಾಕೆ ಹತ್ತೈತೆ. ಅದನ್ನೂ ಬಿಡಿಸ್ರಿ."

ಸಂಘದ ಹಿರಿಯರು ಗಾಬರಿಯಾದರು. "ಯಾರವ್ವಾ ಕಡಿಯೋರು?"

"ಯಾರೂ ಇಲ್ರೀ. ಅದು ಕುಡಿಯೋ ಹಾಲು ಈ ಲೋಟದಾಗೆ ಐತೆ."

ಒಬ್ಬರು ನಕ್ಕರು. "ಕಾರ್ಯದರ್ಶಿಗಳೇ, ನಾಳೆ ಜೇನುಹುಳಕ್ಕೂ ಒಂದು ಸಂಘ ಕಟ್ರಿ!"

ಹಿರಿಯರು ನಗಲಿಲ್ಲ. "ತಾಯೀ, ಕೋಣ ಬಿಡ್ರಿ ಅಂದ್ರೆ ಹತ್ತರಾಗೆ ಒಬ್ಬ ಕೇಳ್ತಾನೆ. ಹಾಲು ಬಿಡ್ರಿ ಅಂತ ಯಾವ ಊರಿಗೆ ಹೋಗಾಕೆ ಆಗ್ತೈತೆ?" ಎಂದು ಲೋಟ ತೆಗೆದುಕೊಂಡರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡುತ್ತಿದ್ದೆ. ಗಂಡ ತಲೆ ತಗ್ಗಿಸಿದ್ದರು.

ತಟ್ಟೆ ಅಲ್ಲೇ ಇಟ್ಟು ಕೊಟ್ಟಿಗೆಗೆ ಓಡಿದೆ. ಎಮ್ಮೆಯ ಹಗ್ಗ ಬಿಚ್ಚಿ ಕರುವಿನ ಬಳಿಗೆ ತಂದೆ. ಅದು ಕರುವಿನ ಬೆನ್ನು ನೆಕ್ಕಿತು. ಕೆಚ್ಚಲಿನಲ್ಲಿ ಉಳಿದಿದ್ದಷ್ಟನ್ನು ಅಂಗೈಗೆ ಹಿಂಡಿ ಕರುವಿನ ಬಾಯಿಗೆ ಬಿಟ್ಟೆ. ಕಟವಾಯಿಯಿಂದ ಹೊರಗೆ ಹರಿಯಿತು. ಮತ್ತೆ ಹಿಂಡಿದೆ. "ಕುಡಿಯೋ ನನ್ನಪ್ಪಾ, ಕುಡಿಯೋ." ಮತ್ತೆ ಹರಿಯಿತು. ಒಂದು ಗುಟುಕು ಇಳಿಯಿತು ಎಂದು ನೆನಪು ಹೇಳುತ್ತದೆ. ನನ್ನನ್ನು ಸಮಾಧಾನಪಡಿಸಲು ಅದು ಏನು ಬೇಕಾದರೂ ಹೇಳೀತು.

ಅತ್ತೆ ಹಿಂದೆ ಬಂದು ನಿಂತಿದ್ದರು. ಗದರಲಿಲ್ಲ.

"ಸುರಿಬ್ಯಾಡ ತಂಗೀ, ಅದು ಹೋಗೈತೆ." ಎಮ್ಮೆಯ ಹಗ್ಗ ಮತ್ತೆ ಕಟ್ಟುತ್ತ, "ತೊಗಲು ಸುಲಿಯೋರ್ನ ಕರ್ಯಾಕೆ ಹೇಳ್ತೀನಿ. ಹುಲ್ಲು ತುಂಬಿ ಮುಂದೆ ನಿಲ್ಲಿಸದಿದ್ರೆ ಎಮ್ಮೆ ಹಾಲು ಇಳಿಸಾಕಿಲ್ಲ."

ತೊಗಲು ಒಣಗಿದ ಮೇಲೆ ಹಾಗೆಯೇ ಮಾಡಿದರು. ಹುಲ್ಲಿನ ಕರುವನ್ನು ನೆಕ್ಕುತ್ತ ಎಮ್ಮೆ ಹಾಲು ಇಳಿಸಿತು. ನಾಲ್ಕು ಮೊಲೆಯೂ ಹಿಂಡಿದರು. ನಾನು ಹಾಲು ಕುಡಿಯುವುದು ಬಿಟ್ಟೆ. ಅದರಿಂದ ಯಾವ ಕರುವೂ ಬದುಕಲಿಲ್ಲ. ನಾನು ಕುಡಿಯದೆ ಉಳಿದ ಹಾಲಿಗೆ ಅತ್ತೆ ಹೆಪ್ಪು ಹಾಕಿದರು.