ಯೂನಿಕೋಡ್‌ಗೆ ತಡವಾಗಿ ಬಂದ ವಿಶ್ವಾರಾಧ್ಯರು

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿರುವ ನಮ್ಮ ಸಂಸ್ಥೆಯ ಮೂರು ಆಸ್ಪತ್ರೆಗಳಲ್ಲೂ ರೋಗಿಗಳ ಮಾತನ್ನು ಕನ್ನಡದಲ್ಲೇ ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿಯನ್ನು ನೆಲೆಗೊಳಿಸಿದವರು ನಮ್ಮ ತಂತ್ರಾಂಶ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀ ವಿಶ್ವಾರಾಧ್ಯ ಅವರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಕೆಲಸ ಕಲಿತ ನನಗೆ ಈ ಲೇಖನ ಬರೆಯುವ ಭಾಗ್ಯ ಒದಗಿದೆ. ಅನುಮತಿ ಕೇಳಿದಾಗ ಅವರು ಒಂದೇ ಷರತ್ತು ಹಾಕಿದರು: ಕರಿಬಸಮ್ಮನವರ ವಿಷಯ ಬಿಡಬಾರದು.

ಆರಂಭದಲ್ಲಿ ಆಡಳಿತ ಮಂಡಳಿಗೆ ಎಲ್ಲವೂ ಇಂಗ್ಲಿಷಿನಲ್ಲೇ ಬೇಕಿತ್ತು. ಅದಕ್ಕೆ ಹೆದರಿ ಕಡೂರಿನ ನರ್ಸ್ ತೀರ್ಥಮ್ಮ ಕೆಲಸ ಬಿಡಲು ಹೊರಟಾಗ, ವಿಶ್ವಾರಾಧ್ಯರು ಮಂಡಳಿಯೊಡನೆ ವಾದಿಸಿ ಕನ್ನಡಕ್ಕೆ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕುಳಿತು ಆಕೆಗೆ ಟೈಪಿಂಗ್ ಕಲಿಸಿದರು.

ಕನ್ನಡವನ್ನು ಯಂತ್ರದೊಳಗೆ ಉಳಿಸಲು ಆಗ ಎರಡು ದಾರಿಗಳಿದ್ದವು. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳೂ ಒಪ್ಪುವ ಸ್ವಂತ ಸಂಖ್ಯೆಯಿರುತ್ತದೆ. ಹಳೆಯ ಫಾಂಟ್ ಪದ್ಧತಿಯಲ್ಲಿ ಕನ್ನಡವು ಬೇರೆ ಭಾಷೆಯ ಅಕ್ಷರಗಳ ಸಂಖ್ಯೆಗಳಲ್ಲಿ ಉಳಿದು, ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಯೂನಿಕೋಡಿನ ಒತ್ತಕ್ಷರಗಳು ಒಡೆದು ಕಾಣುತ್ತಿದ್ದುದರಿಂದ ವಿಶ್ವಾರಾಧ್ಯರು ಫಾಂಟ್ ಪದ್ಧತಿಯನ್ನು ಆರಿಸಿದರು. ಹೊಸ ಯಂತ್ರ ಬಂದಾಗ ಬದಲಿಸಿದರಾಯಿತು ಎಂದುಕೊಂಡರು. ಹೊಸ ಯಂತ್ರಗಳೇನೋ ಬಂದವು. ಬದಲಿಸುವ ಕೆಲಸ ಮಾತ್ರ ಪ್ರತಿ ವರ್ಷವೂ ಮುಂದಕ್ಕೆ ಹೋಯಿತು.

ಕೆಲವು ವರ್ಷಗಳ ಹಿಂದೆ ಮೂರೂ ಆಸ್ಪತ್ರೆಗಳ ದಾಖಲೆಗಳನ್ನು ಒಂದೇ ಸರ್ವರಿಗೆ ಸೇರಿಸಿದಾಗ, ಹಳೆಯ ಫಾಂಟಿನ ಸಂಖ್ಯೆಗಳನ್ನು ಅದು ಗುರುತಿಸದೆ ಹಲವು ಟಿಪ್ಪಣಿಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಟ್ಟವು. ಅದು ನಮ್ಮ ಗಮನಕ್ಕೆ ಬರುವ ಮೊದಲೇ, ಜ್ವರದಲ್ಲಿ ಎಚ್ಚರ ತಪ್ಪಿದ್ದ ಕರಿಬಸಮ್ಮನವರನ್ನು ನೆರೆಯವರು ಅಜ್ಜಂಪುರದ ನಮ್ಮ ಆಸ್ಪತ್ರೆಗೆ ತಂದರು. ಪೆನ್ಸಿಲಿನ್ ಒಗ್ಗುವುದಿಲ್ಲವೆಂದು ಅವರ ಪತಿ ರೇವಣಪ್ಪನವರು ಹಿಂದೆ ಕಡೂರಿನಲ್ಲಿ ಬರೆಸಿದ್ದ ಟಿಪ್ಪಣಿಯೂ ಹಾಳಾಗಿತ್ತು. ಕೇಳೋಣವೆಂದರೆ ಮನೆಯವರು ಯಾರೂ ಜೊತೆಗಿರಲಿಲ್ಲ. ವೈದ್ಯರು ಅದೇ ಇಂಜೆಕ್ಷನ್ ಕೊಡಿಸಿದರು. ಪತಿ ಬಂದು ತಲುಪುವಷ್ಟರಲ್ಲಿ ಕರಿಬಸಮ್ಮ ತೀರಿಕೊಂಡಿದ್ದರು.

ತಾಂತ್ರಿಕ ದೋಷವೆಂದು ಹೇಳಿಕೆ ಕೊಟ್ಟು ಸುಮ್ಮನಿರಲು ಮಂಡಳಿ ಸೂಚಿಸಿತು. ವಿಶ್ವಾರಾಧ್ಯರು ಒಪ್ಪದೆ ರೇವಣಪ್ಪನವರ ಮನೆಗೆ ಹೋದರು; ಜೊತೆಗೆ ನಾನಿದ್ದೆ. ಜಗಲಿಯ ಮೇಲೆ ಕುಳಿತಿದ್ದ ರೇವಣಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು.

"ನಾನ್ ಹೇಳಿದ್ನಲ್ಲ ಸ್ವಾಮಿ, ಕಡೂರಿನ ನರ್ಸಮ್ಮ ನನ್ ಮುಂದೇನೇ ಬರ್ಕಂಡ್ರು," ಎಂದರು.

"ಅವರು ಬರೆದಿದ್ದು ಸರಿಯಾಗೇ ಇತ್ತು ಯಜಮಾನ್ರೇ. ಉಳಿಸೋ ರೀತಿ ಆರಿಸಿದ್ದು ನಾನು. ಕೆಟ್ಟಿದ್ದು ಅದು."

"ಹಿಂಗಾಯ್ತದೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ವಿಶ್ವಾರಾಧ್ಯರು ತಲೆ ತಗ್ಗಿಸಲಿಲ್ಲ. "ಅಕ್ಷರ ಕೆಡಬಹುದು ಅಂತ ಗೊತ್ತಿತ್ತು. ಆಮೇಲೆ ಸರಿ ಮಾಡಿದ್ರಾಯ್ತು ಅಂದ್ಕಂಡೆ."

"ಹಂಗಾರೆ ಇನ್ನು ಹೊರಡಿ," ಎಂದು ರೇವಣಪ್ಪನವರು ಎದ್ದು ಒಳಗೆ ಹೋದರು.

ಪೊಲೀಸರ ಮುಂದೆಯೂ ವಿಶ್ವಾರಾಧ್ಯರು ಅದನ್ನೇ ಹೇಳಿದರು. ಮಂಡಳಿ ಅವರ ಮುಖ್ಯಸ್ಥ ಸ್ಥಾನವನ್ನು ಕಿತ್ತುಕೊಂಡಿತು. ರಾಜೀನಾಮೆ ಕೊಟ್ಟು ಹೋಗುವುದು ಸುಲಭವಿತ್ತು. ಅವರು ಉಳಿದುಕೊಂಡು ಎಲ್ಲ ದಾಖಲೆಗಳನ್ನೂ ಯೂನಿಕೋಡಿಗೆ ತಂದರು. ಹಾಳಾದ ಟಿಪ್ಪಣಿಯ ಹಳೆಯ ಪ್ರತಿಯೂ ಸಿಗದೆ ಹೋದ ರೋಗಿಗಳ ಮನೆಗಳಿಗೆ ರಜಾದಿನಗಳಲ್ಲಿ ಬಸ್ಸಿನಲ್ಲಿ ಹೋಗಿ, ಯಾವ ಔಷಧಿ ಒಗ್ಗುವುದಿಲ್ಲವೆಂದು ಕೇಳಿ ಬರತೊಡಗಿದರು. ಎಮ್ಮೆದೊಡ್ಡಿಯ ಓಬಳಪ್ಪನವರು ವಿಷಯ ತಿಳಿದು ಬಾಗಿಲಲ್ಲೇ ನಿಲ್ಲಿಸಿ ಬೈದರು. ವಿಶ್ವಾರಾಧ್ಯರು ಬೈಗುಳ ಮುಗಿಯುವ ತನಕ ನಿಂತಿದ್ದು, ಮತ್ತೆ ಅದೇ ಪ್ರಶ್ನೆ ಕೇಳಿದರು. ಕೆಲವು ಮನೆಗಳಲ್ಲಿ ಹೇಳಬೇಕಾದವರೇ ಬದುಕಿರಲಿಲ್ಲ.

ಬೀಳ್ಕೊಡುಗೆಗೆ ಏನು ಕೊಡೋಣವೆಂದು ನಾವು ವಿಚಾರಿಸಿದಾಗ, ಈ ಕೆಲಸ ಮುಂದುವರಿಸಲು ಬಿಟ್ಟರೆ ಸಾಕೆಂದರು. ಲಕ್ಕವಳ್ಳಿ ಕಡೆಯ ಹಲವರು ಇನ್ನೂ ಸಿಕ್ಕಿಲ್ಲ. ಅವರಲ್ಲಿ ಯಾರನ್ನು ಯಾವಾಗ ಮಾತಾಡಲಾಗದ ಸ್ಥಿತಿಯಲ್ಲಿ ನಮ್ಮಲ್ಲಿಗೆ ಹೊತ್ತು ತರುತ್ತಾರೋ ನಮಗೆ ತಿಳಿಯದು. ವಿಶ್ವಾರಾಧ್ಯರಿಗೆ ಆರೋಗ್ಯವಿರಲಿ, ಅಷ್ಟೂ ಜನರನ್ನು ಕಂಡು ಮುಗಿಸುವಷ್ಟು ಆಯುಸ್ಸು ಅವರಿಗೂ ಇರಲಿ, ಆ ಜನರಿಗೂ ಇರಲಿ.