ದೊಡ್ಡವ್ವ ಬಿಡಿಸಿದ ಸಿಕ್ಕು

ನನ್ನ ಮದುವೆಯಾಗಿ ಒಂಬತ್ತು ದಿನವಾಯಿತು, ಹೇಳಿಕೊಳ್ಳಲಾಗದಷ್ಟು ಖುಷಿಯಲ್ಲಿದ್ದೇನೆ! ಆದರೆ ಇಂದು ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ, ಹುಬ್ಬಳ್ಳಿಯ ಈ ಹೊಸ ಮನೆಯಲ್ಲಿ ಒಬ್ಬಳೇ ತಲೆ ಬಾಚುವಾಗ ಬಾಚಣಿಗೆ ಗಂಟಿನಲ್ಲಿ ಸಿಕ್ಕಿಕೊಂಡಿತು.

ಚಿಕ್ಕವಳಿದ್ದಾಗ ಇಂಗ್ಲಿಷ್ ಶಾಲೆಗೆಂದು ನನ್ನನ್ನು ಲಿಂಗಸುಗೂರಿನ ದೊಡ್ಡವ್ವನ ಮನೆಯಲ್ಲಿ ಬಿಟ್ಟಿದ್ದರು. ಭಾನುವಾರ ಅವ್ವ ಸಿಂಧನೂರು ಹತ್ತಿರದ ನಮ್ಮೂರು ತುರ್ವಿಹಾಳದಿಂದ ಬಂದು ನನ್ನ ತಲೆ ಬಾಚುತ್ತಿದ್ದಳು. ಅವಳ ಬೆರಳುಗಳಿಗೆ ಗದ್ದೆಯ ಕೆಸರಿನ ವಾಸನೆ. ಭತ್ತದ ನಾಟಿ ಶುರುವಾದಾಗ ಎರಡು ಭಾನುವಾರ ಬರಲಿಲ್ಲ. ಅವ್ವ ಬರುವ ಮಸ್ಕಿ ಕಡೆಯ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಬೇರೆಯವರು ಬಾಚಿದರೆ ಅವ್ವ ಬರುವುದೇ ಇಲ್ಲವೆಂದು ನಂಬಿ, ಯಾರಿಗೂ ಜಡೆ ಮುಟ್ಟಗೊಡಲಿಲ್ಲ.

ಆ ವಾರ ಟೀಚರ್ ‘ಡಿಸೆಂಟ್ಯಾಂಗಲ್’ ಪದಕ್ಕೆ ಎರಡು ಅರ್ಥ ಬರೆಸಿದರು: ಸಿಕ್ಕು ಬಿಡಿಸುವುದು, ಮನಸ್ಸಿನ ಗೋಜಲು ಬಿಡಿಸುವುದು. ಪಕ್ಕದ ಹುಡುಗಿ ನನ್ನ ತಲೆ ನೋಡಿ ನಕ್ಕಳು. ಅಳುತ್ತ ಮನೆಗೆ ಬಂದೆ.

ದೊಡ್ಡವ್ವ ಕತ್ತರಿ ತರಲಿಲ್ಲ. ಎಣ್ಣೆ ಹಚ್ಚಿ, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಕೂತಳು.

“ಯಾಕವ್ವ, ಯಾರಿಗೂ ಮುಟ್ಟಾಕ ಬಿಡವಲ್ಲಿ?”

ಎಲ್ಲ ಹೇಳಿಬಿಟ್ಟೆ.

“ಹುಚ್ಚಿ, ನಿಮ್ಮವ್ವ ತಲಿ ಹಿಕ್ಕಾಕಂತ ಬರ್ತಾಳೇನು? ನಿನ್ನ ನೋಡಾಕ ಬರ್ತಾಳ.”

ಮುಂದಿನ ಭಾನುವಾರ ಅವ್ವ ಬಂದಳು. ಹೆಣೆದ ಜಡೆ ನೋಡಿ, “ನನ್ನ ಕೆಲಸ ಮುಗದೈತಿ. ಹೊಳ್ಳಿ ಹೋಗ್ಲೇನು?” ಎಂದು ನಕ್ಕಳು. ಸಂಜೆಯ ಬಸ್ಸು ಬರುವವರೆಗೂ ಅವಳ ಸೆರಗು ಬಿಡಲಿಲ್ಲ ನಾನು.

ಅವ್ವ, ಈ ಸಲ ನಿನ್ನನ್ನು ನೋಡಲು ನಾನೇ ಬರುತ್ತಿದ್ದೇನೆ. ಶನಿವಾರ, ಹುಬ್ಬಳ್ಳಿ–ಸಿಂಧನೂರು ರೈಲು.