ಚಪ್ಪಟೆ ಹುಳುಗಳಿಗೆ ನಾನು ಹಾಕಿದ ಊಟ

ನೆರೂಳದ ಮಟನ್ ಅಂಗಡಿಯವನು ಕಪ್ಪು ಚೀಲವೊಂದನ್ನು ನನ್ನ ಕೈಗಿಟ್ಟಾಗ ಅದು ಇನ್ನೂ ಬೆಚ್ಚಗಿತ್ತು. ಒಳಗೆ ಕಾಲು ಕಿಲೋ ಕಲೇಜಿ. ಆಡಿನ ಲಿವರಿಗೆ ಇಲ್ಲಿ ಹಾಗೆನ್ನುತ್ತಾರೆ. ಉಡುಪಿಯ ಮಡಿಮನೆಯಲ್ಲಿ ಬೆಳೆದು, ಮೀನು ಮಾರ್ಕೆಟ್ಟಿನ ರಸ್ತೆಯಲ್ಲೂ ಮೂಗು ಮುಚ್ಚಿ ನಡೆದವಳು ನಾನು. "ಪೆಹಲೀ ಬಾರ್ ಹೈ ಕ್ಯಾ, ಬೇಟಾ?" ಮೊದಲ ಸಲವಾ ಮಗಳೇ, ಎಂದು ಕೇಳಿದ. "ಕೀಡೋಂ ಕೇ ಲಿಯೇ," ಹುಳುಗಳಿಗೆ, ಎಂದೆ. ಅವನು ಪಕ್ಕದವನ ಮುಖ ನೋಡಿದ. ಈ ಊರಿನಲ್ಲಿ ನನ್ನ ಮೊದಲ ವಾರ ಅದು.

ಕುಲಕರ್ಣಿ ಸರ್ ಮೂಲತಃ ಧಾರವಾಡದವರು, ನೆರೂಳದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಅವರ ಸಂಶೋಧನೆಗೆ ನಾನು ಸಹಾಯಕಿ. ನಾವು ಸಾಕುವುದು ಉಗುರಿನಷ್ಟು ಉದ್ದದ, ನೀರಲ್ಲಿ ಜಾರುತ್ತ ಸಾಗುವ ಚಪ್ಪಟೆ ಹುಳುಗಳನ್ನು. ತಲೆ ಕತ್ತರಿಸಿದರೆ ಒಂದು ವಾರದ ಆಸುಪಾಸಿನಲ್ಲಿ ಹೊಸ ತಲೆ ಬರುತ್ತದೆ, ಅದರ ಮೇಲೆ ಕಣ್ಣಿನ ಎರಡು ಕಪ್ಪು ಚುಕ್ಕೆ. ಭೂಮಿಯ ಸೆಳೆತ ಯಾವ ಕಡೆಗೆಂದೇ ತಿಳಿಯದಿದ್ದರೆ ಆ ತಲೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದು ಸರ್ ಕೇಳುವ ಪ್ರಶ್ನೆ. ಹುಳುವನ್ನು ಬಾಹ್ಯಾಕಾಶಕ್ಕೆ ಕಳಿಸುವ ತಾಕತ್ತು ನಮಗೆಲ್ಲಿದೆ? ಸರ್ ಒಂದು ಮೋಟಾರು ಕೂರಿಸಿ ಯಂತ್ರ ಮಾಡಿಸಿದ್ದಾರೆ. ನೀರು ತುಂಬಿ ಮುಚ್ಚಿದ ಡಬ್ಬಿಗಳನ್ನು ಅದು ನಿಧಾನಕ್ಕೆ ಎಲ್ಲ ಕಡೆಗೂ ತಿರುಗಿಸುತ್ತಲೇ ಇರುತ್ತದೆ. ಒಳಗಿನ ಹುಳುವಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಅಂದಾಜು ಸಿಗುವುದಿಲ್ಲ. ಅಷ್ಟೇ ಹುಳುಗಳು ಪಕ್ಕದ ಮೇಜಿನ ಮೇಲೆ ಅಲುಗದೆ ಇರುತ್ತವೆ. ಎರಡನ್ನೂ ಹೋಲಿಸಿ ಬರೆಯುವುದು ನನ್ನ ಕೆಲಸ.

ನಾನು ಉಳಿದುಕೊಂಡದ್ದು ಡೊಂಬಿವಲಿಯಲ್ಲಿ, ಶಾರದಾ ಚಿಕ್ಕಮ್ಮನ ವನ್ ರೂಮ್ ಕಿಚನ್‌ನಲ್ಲಿ. ಊರಿನಲ್ಲಿ ದೇವರಿಗೇ ಒಂದು ಕೋಣೆ. ಇಲ್ಲಿ ದೇವರು ಫ್ರಿಜ್ಜಿನ ಪಕ್ಕದ ಹಲಗೆಯ ಮೇಲೆ. ಊರಿನಲ್ಲಿ ಬಸ್ಸು ನಮಗಾಗಿ ನಿಲ್ಲುತ್ತದೆ. ಇಲ್ಲಿ ಡೊಂಬಿವಲಿಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಾಲಿಡುವಷ್ಟು ಜಾಗ ಗೆದ್ದುಕೊಳ್ಳಬೇಕು, ಠಾಣೆಯಲ್ಲಿ ಇಳಿದು ನೆರೂಳದ ಗಾಡಿಗೆ ಓಡಬೇಕು. "ಆತ ಸರಕಾ," ಒಳಗೆ ಸರಿಯಿರಿ, ಎಂದು ನಾನೇ ಮೊದಲ ಸಲ ಗದರಿದ ದಿನ ಬಹಳ ಹೆಮ್ಮೆಯಾಗಿತ್ತು. ಕಲೇಜಿಯ ಸುದ್ದಿ ಮಾತ್ರ ಚಿಕ್ಕಮ್ಮನಿಗೆ ಹೇಳಲಿಲ್ಲ.

ತಪ್ಪು ಆದದ್ದು ಹೀಗೆ. ಹುಳುಗಳನ್ನು ಕತ್ತರಿಸುವ ಮೊದಲು ಕೆಲವು ವಾರ ಚೆನ್ನಾಗಿ ಉಣಿಸಿ, ಆಮೇಲೆ ಒಂದು ವಾರ ಉಪವಾಸ ಇಡಬೇಕು. ನಾನು ಮೊದಲು ಮೇಜಿನ ಹುಳುಗಳಿಗೆ ಕಲೇಜಿ ಹೆಚ್ಚಿ ಹಾಕುತ್ತಿದ್ದೆ. ಅಷ್ಟು ಮುಗಿಸಿ, ಇನ್ನು ಮುಟ್ಟಲಾರೆ ಎಂದು ಉಳಿದದ್ದನ್ನು ಚೀಲ ಕಟ್ಟಿ ಎಸೆಯುತ್ತಿದ್ದೆ. ಯಂತ್ರಕ್ಕೆ ಹೋಗಬೇಕಾದ ಹುಳುಗಳಿಗೆ ಕಾಲೇಜಿನ ಗೇಟಿನ ಬಳಿ ಸಿಗುವ ಬೇಯಿಸಿದ ಮೊಟ್ಟೆಯ ಹಳದಿ ಪುಡಿಮಾಡಿ ಹಾಕಿದೆ. ಅದನ್ನೂ ಅವು ತಿನ್ನುತ್ತವೆ. ಊಟ ಊಟವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಎಂ.ಎಸ್ಸಿ. ಓದಿದವಳು ಯೋಚಿಸುವ ರೀತಿಯೇ ಇದು?

ಯಂತ್ರದ ಹುಳುಗಳಿಗೆ ಕಣ್ಣು ಎರಡು ದಿನ ತಡವಾಗಿ ಬಂತು. ಸರ್ ಖುಷಿ ತಡೆಯಲಾರದೆ ಎರಡು ಚಹಾ ತರಿಸಿದರು. "ನೋಡ್ರಿ, ಇದು ಗಟ್ಟಿ ನಿಂತರ ನಿಮ್ಮ ಕೆಲಸಾ ಇನ್ನೂ ಎರಡ ವರ್ಷ ನಡೀತದ," ಎಂದರು. ತಡವಾದದ್ದು ಸೆಳೆತ ತಪ್ಪಿದ್ದಕ್ಕೋ, ನಾನು ಊಟ ಬದಲಿಸಿದ್ದಕ್ಕೋ? ನನಗೂ ಹೇಳಲು ಸಾಧ್ಯವಿರಲಿಲ್ಲ, ಊಟದ ವಿಷಯ ಗೊತ್ತಿದ್ದದ್ದೂ ನನಗೊಬ್ಬಳಿಗೇ. ಮನೆಯಲ್ಲಿ ಕಲೇಜಿ ಮುಟ್ಟಿದ್ದನ್ನು ಬಚ್ಚಿಟ್ಟೆ, ಲ್ಯಾಬಿನಲ್ಲಿ ಮುಟ್ಟದಿದ್ದುದನ್ನು. ಹದಿನೈದು ದಿನ ಸರಿಯಾಗಿ ಊಟ ಸೇರಲಿಲ್ಲ.

ಕೊನೆಗೆ ಸರ್‌ಗೆ ಹೇಳಿದೆ.

"ಹುಳಕ್ಕ ನಿಮ್ಮ ಮಡಿ ಏನ್ ಗೊತ್ತದ?" ಎಂದರು. "ನಾನೂ ಅಂಥಾ ಮನ್ಯಾಗೇ ಬೆಳದಾಂವ. ಮೊದಲನೇ ದಿನಾನ ಹೇಳಿದ್ರ ಕಲೇಜಿ ನಾನ ಹೆಚ್ಚತಿದ್ದೆ."

ಬೈದಿದ್ದರೆ ಹಗುರಾಗುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡಿದೆವು, ಎಲ್ಲಕ್ಕೂ ಕಲೇಜಿ. ಈಗ ಮುಖ ತಿರುಗಿಸದೆ ಹೆಚ್ಚುತ್ತೇನೆ. ಅದು ಗೆಲುವೋ ಅಲ್ಲವೋ ನನಗೆ ತಿಳಿಯದು.

ಒಂದು ಸುಳ್ಳು ಇಳಿಸಿದ ಮೇಲೆ ಇನ್ನೊಂದನ್ನು ಹೊರಲಾಗಲಿಲ್ಲ. ಚಿಕ್ಕಮ್ಮನಿಗೂ ಹೇಳಿದೆ. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಕೈ ಸೋಪು ಹಾಕಿ ತೊಳೀತಿಯಲ್ಲ?"

"ಹೌದು ಚಿಕ್ಕಮ್ಮ."

"ಮತ್ತೆಂಥದು. ಕೆಲಸ ಅಲ್ವಾ," ಎಂದಳು. ನನಗೆ ಅಳು ಬಂತು, ಸಮಾಧಾನಕ್ಕೆ.

ಆದರೆ ಮರುದಿನ ಬೆಳಿಗ್ಗೆ ದೇವರ ಪಾತ್ರೆಗಳನ್ನು ಆಗಲೇ ತೊಳೆದು ಬೋರಲು ಹಾಕಿಯಾಗಿತ್ತು. ನಾನು ಬಂದಾಗಿನಿಂದ ಅದು ನನ್ನ ಕೆಲಸ. "ನಿಂಗೆ ಲೇಟಾಗ್ತದೆ, ನೀನು ಹೊರಡು ಮಗಾ," ಎಂದಳು ಚಿಕ್ಕಮ್ಮ, ನನ್ನ ಮುಖ ನೋಡದೆ. ಟಿಫಿನ್ನಿಗೆ ನನಗಿಷ್ಟದ ಶ್ಯಾವಿಗೆ ಮಾಡಿದ್ದಳು. ಅಂದಿನಿಂದ ಆ ಪಾತ್ರೆ ನನ್ನ ಕೈಗೆ ಬಂದಿಲ್ಲ, ಅವಳ ಪ್ರೀತಿಯೂ ಕಡಿಮೆಯಾಗಿಲ್ಲ. ನಾನು ಯಾರ ಮೇಲೆ ಸಿಟ್ಟಾಗಲಿ?

ಹೊಸ ಸರದಿಯಲ್ಲಿ ಯಂತ್ರದ ಹುಳುಗಳಿಗೂ ಮೇಜಿನ ಹುಳುಗಳಿಗೂ ಒಂದೇ ದಿನ ಕಣ್ಣು ಬಂತು. "ಫರಕ್ ಕಾಣ್ಲಿಲ್ಲ ಅಂತ ಬರೀರಿ," ಎಂದರು ಸರ್. ಬರೆದೆ. ಮಾರ್ಚಿಗೆ ಸಂಶೋಧನೆ ಮುಗಿಯುತ್ತದೆ, ನನ್ನ ಕೆಲಸವೂ. ಈ ಊರಿನ ಗಾಡಿ ಹತ್ತುವುದನ್ನು ಕಲಿತಿದ್ದೇನೆ, ನಿಲ್ಲಲು ಜಾಗವಿಲ್ಲ. ಊರಿನಲ್ಲಿ ಜಾಗ ಇದೆಯೇ ಎಂಬುದು ಈಗ ಗೊತ್ತಿಲ್ಲ.

ಕೆಲಸ ಮುಗಿದ ಕೂಡಲೇ ಬಂದುಬಿಡು ಎಂದು ಅಮ್ಮ ವಾರ ವಾರ ಫೋನಿನಲ್ಲಿ ಹೇಳುತ್ತಾಳೆ. ಚಿಕ್ಕಮ್ಮ ಅವಳಿಗೆ ಏನೂ ತಿಳಿಸಿಲ್ಲ. ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಊರಿನ ನಮ್ಮ ಮನೆಗೆ ಬರುತ್ತದೆ. ಅಮ್ಮ ಒಂದು ಪುಟವನ್ನೂ ಬಿಡದೆ ಓದುತ್ತಾಳೆ. ಅಮ್ಮಾ, ಇದನ್ನು ಓದಿದ ಮೇಲೂ ಬಾ ಎಂದು ಇನ್ನೊಮ್ಮೆ ಹೇಳುತ್ತೀಯಾದರೆ ಫೋನು ಮಾಡು. ಟಿಕೆಟು ತೆಗೆಸುತ್ತೇನೆ.